ಊರ ಕಾವಲಿನ ಹೊಣೆ

ಬೀದರಿನ ಹಳೆಯ ಪಟ್ಟಣದ ನಟ್ಟನಡುವೆ, ನಾಲ್ಕು ದಿಕ್ಕಿನ ಬೀದಿಗಳು ಕೂಡುವ ಸ್ಥಳದಲ್ಲಿ, ಚೌಬಾರಾ ಎಂಬ ಗೋಪುರವೊಂದು ನಿಂತಿದೆ. ದುಂಡನೆಯ ಮೈ, ಒಳಗೆ ಸುತ್ತಿ ಸುತ್ತಿ ಏರುವ ಮೆಟ್ಟಿಲು, ಎತ್ತರ ಸುಮಾರು 71 ಅಡಿ. ಅದರ ಮೇಲೆ ನಿಂತವನಿಗೆ ಪಟ್ಟಣವಷ್ಟೇ ಅಲ್ಲ, ಸುತ್ತಣ ಬಯಲೂ ಕಾಣುತ್ತದೆ. ಕಾವಲಿಗೆ ಒದಗುತ್ತಿದ್ದ ಗೋಪುರ ಅದು. ಊರಿಗೆ ಬಂದ ನೆಂಟರಿಷ್ಟರಿಗೆ ನಾವು ಕೋಟೆಯನ್ನೂ ಮಹಮೂದ್ ಗವಾನನ ಮದರಸಾವನ್ನೂ ತೋರಿಸಿದ ಮೇಲೆ ಚೌಬಾರಾವನ್ನೂ ತೋರಿಸುತ್ತೇವೆ. ಹಿಂದಿನ ರಾಜರು ಪ್ರಜೆಗಳನ್ನು ಹೇಗೆ ಕಾಯುತ್ತಿದ್ದರು ನೋಡಿರಿ ಎಂದು ಹೇಳುತ್ತೇವೆ. ಆದರೆ ಗೋಪುರದ ಮೇಲಿನ ಕಾವಲುಗಾರನಿಗೆ ಕಾಣುವುದು ದಂಡು ಎಬ್ಬಿಸುವ ಧೂಳು. ರಾತ್ರಿಯಲ್ಲಿ ಕನ್ನ ಕೊರೆಯುವ ಕಳ್ಳ ಅವನ ಕಣ್ಣಿಗೆ ಬೀಳುವವನಲ್ಲ. ನಾನು ಇಂದು ಹೇಳಬೇಕೆಂದಿರುವುದು ನೆಲದ ಮೇಲಣ ಕಾವಲಿನ ಮಾತನ್ನು. ಜನರೂ ಆಳುವವರೂ ಕೂಡಿ ಊರನ್ನು ಕಾದ ಬಗೆಯನ್ನು, ಮತ್ತು ಆ ಕೂಟ ಮುರಿದಾಗ ಏನಾಯಿತೆಂಬುದನ್ನು.

ನಾನು ಹುಟ್ಟಿ ಬೆಳೆದದ್ದು ಭಾಲ್ಕಿ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ನನ್ನ ಬಾಲ್ಯದಲ್ಲಿ ಅಲ್ಲಿ ವಿದ್ಯುದ್ದೀಪವಿರಲಿಲ್ಲ. ಪೋಲೀಸ್ ಠಾಣೆ ಮೂರು ಹರದಾರಿ ದೂರ. ರಾತ್ರಿಯ ಊಟ ಮುಗಿದು ಮನೆಮನೆಯ ಕಂದೀಲುಗಳು ಆರಿದ ಮೇಲೆ ತಳವಾರನ ಕೋಲಿನ ಸದ್ದು ಕೇಳಿಬರುತ್ತಿತ್ತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅವನು ಅಗಸಿಯಿಂದ ಹನುಮಂತದೇವರ ಗುಡಿಯವರೆಗೆ ಬೆಳತನಕ ತಿರುಗುತ್ತಿದ್ದ. ಹೊತ್ತು ಮುಳುಗಿದ ಮೇಲೆ ಅಪರಿಚಿತನೊಬ್ಬ ಅಗಸಿಯಲ್ಲಿ ಕಾಣಿಸಿಕೊಂಡರೆ ಅವನು ಕೇಳುತ್ತಿದ್ದುದು ಎರಡೇ ಮಾತು: “ಯಾವೂರು ರೀ? ಯಾರ ಮನೀಗಿ ಬಂದೀರಿ?” ಉತ್ತರ ಬಂದರೆ ಆ ಮನೆಯ ಬಾಗಿಲವರೆಗೆ ತಾನೇ ಕರೆದೊಯ್ದು, “ನಿಮ್ಮ ಮನೀಗಿ ಬಂದಾರಂತ್ರೀ, ನೋಡ್ರಿ” ಎಂದು ಕೂಗಿ, ಮನೆಯವರು ಹೊರಬಂದು ಗುರುತು ಹಿಡಿದ ಮೇಲೆಯೇ ಹಿಂದಿರುಗುತ್ತಿದ್ದ. ಯಾರ ಮನೆಗೂ ಬಂದವನಲ್ಲವಾದರೆ ಗುಡಿಯ ಕಟ್ಟೆಯ ಮೇಲೆ ಮಲಗಲು ಜಾಗ ತೋರಿಸಿ, ಬೆಳಗಾದೊಡನೆ ಪಾಟೀಲರಿಗೆ ಸುದ್ದಿ ಮುಟ್ಟಿಸುತ್ತಿದ್ದ. ನಾವು ಹುಡುಗರು ಅವನನ್ನು ಕಾಕಾ ಎಂದು ಕರೆಯುತ್ತಿದ್ದೆವು. ಆದರೆ ಆ ಕಾಕಾ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ನಾನು ಕಾಣೆ. ತನ್ನ ಪಾಲಿನ ಜೋಳವನ್ನು ಅವನು ಅಂಗಳದಲ್ಲಿ ನಿಂತೇ ಕಂಬಳಿಯ ಚುಂಗಿಗೆ ಹಾಕಿಸಿಕೊಳ್ಳುತ್ತಿದ್ದ. ಅದರ ಅರ್ಥ ನನಗೆ ಆಗ ತಿಳಿದಿರಲಿಲ್ಲ.

ಬಹುಕಾಲದ ಮೇಲೆ, ಹಳೆಯ ಗ್ರಂಥಗಳನ್ನೂ ವರದಿಗಳನ್ನೂ ಓದುವ ಗೀಳು ಹಿಡಿದ ಮೇಲೆ, ಆ ಎರಡು ಪ್ರಶ್ನೆಗಳ ಹಿಂದೆ ಬಹು ಪ್ರಾಚೀನವಾದ ಒಂದು ಕಟ್ಟುಪಾಡು ಇದ್ದಿತೆಂಬುದು ಮನವರಿಕೆಯಾಯಿತು.

ತಳವಾರ ಎಂಬ ಹೆಸರೇ ಹಳೆಯದು. ‘ತಳಾರ’ ಎಂಬ ರೂಪದಲ್ಲಿ ಅದು ನಮ್ಮ ಶಾಸನಗಳಲ್ಲಿ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಊರ ಕಾವಲು ಕೇವಲ ಒಬ್ಬ ನೌಕರನ ಕೆಲಸವಾಗಿರಲಿಲ್ಲವೆಂಬುದಕ್ಕೆ ಕನ್ನಡ ನಾಡಿನ ತುಂಬ ಹರಡಿರುವ ವೀರಗಲ್ಲುಗಳೇ ಸಾಕ್ಷಿ. ತುರುಗೋಳ್ ಎಂದರೆ ದನದ ಹಿಂಡನ್ನು ಹೊಡೆದೊಯ್ಯಲು ಬಂದವರನ್ನು ತಡೆದು ಸತ್ತವನ ಕಲ್ಲು. ಊರಳಿವು ಎಂದರೆ ಊರಿನ ನಾಶವನ್ನು ತಪ್ಪಿಸಲು ಹೋಗಿ ಮಡಿದವನ ಕಲ್ಲು. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆಗೆ ಓಗೊಟ್ಟು ಬಿದ್ದವನ ಕಲ್ಲು. ಈ ಕಲ್ಲುಗಳಲ್ಲಿ ಅರಸರ ದಂಡಿನವರಂತೆ ಊರಿನ ಸಾಮಾನ್ಯರೂ ಇದ್ದಾರೆ. ಅವರ ಹೆಸರನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸಿದವರು ಊರಿನವರು. ಅವರ ಮಕ್ಕಳಿಗೆ ಭೂಮಿ ಬಿಟ್ಟುದೂ ಉಂಟು.

ಈ ಹೊಣೆಯ ನ್ಯಾಯವನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದ ಗ್ರಂಥವೊಂದು ನಮ್ಮ ಜಿಲ್ಲೆಯ ನೆಲದಲ್ಲೇ ಹುಟ್ಟಿತೆಂಬುದನ್ನು ಬೀದರಿನವರಾದ ನಾವು ಅಷ್ಟಾಗಿ ನೆನೆಯುವುದಿಲ್ಲ. ಇಂದಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ಬರೆದನು. ಆಸ್ತಿಯ ಪಾಲಿನ ವಿಷಯದಲ್ಲಿ ಆ ಗ್ರಂಥವನ್ನು ಇಂಗ್ಲಿಷರ ನ್ಯಾಯಾಲಯಗಳೂ ಪ್ರಮಾಣವೆಂದು ಒಪ್ಪಿದವು. ಆದ್ದರಿಂದ ಅದರ ಹೆಸರು ವಕೀಲರಿಗೆಲ್ಲ ಗೊತ್ತು. ಆದರೆ ಕಳವಿನ ವಿಷಯದಲ್ಲಿ ಅದು ಹೇಳುವ ಮಾತು ಇನ್ನೂ ಸ್ವಾರಸ್ಯವಾದುದು. ಊರೊಳಗೆ ಕೊಲೆಯೋ ಕಳವೋ ಆಗಿ, ಕಳ್ಳನ ಹೆಜ್ಜೆ ಊರಿನಿಂದ ಹೊರಗೆ ಹೋದುದನ್ನು ತೋರಿಸಲಾಗದಿದ್ದರೆ ದೋಷ ಊರಿನ ಒಡೆಯನದು. ಹುಲ್ಲುಗಾವಲಿನಲ್ಲಿ ಆದರೆ ಅದರ ಒಡೆಯನದು. ದಾರಿಯಲ್ಲಿ ಆದರೆ ಕಳ್ಳರನ್ನು ಹಿಡಿಯಲೆಂದೇ ನೇಮಕವಾದ ಅಧಿಕಾರಿಯದು. ಊರಿನ ಎಲ್ಲೆಯೊಳಗೆ ಆದುದನ್ನು ಊರವರೇ ತೆರಬೇಕು. ಹೆಜ್ಜೆ ಬೇರೊಂದು ಊರನ್ನು ಹೊಕ್ಕರೆ ಆ ಊರು ತೆರಬೇಕು. ಊರುಗಳ ನಡುವೆ, ಒಂದು ಕ್ರೋಶದ ಆಚೆ, ಯಾರದೆಂದು ಗೊತ್ತಾಗದ ಕಡೆಯಲ್ಲಿ ಆದರೆ ಸುತ್ತಲಿನ ಐದು ಊರೋ ಹತ್ತು ಊರೋ ಕೂಡಿ ತೆರಬೇಕು. ಇಷ್ಟಕ್ಕೇ ಮುಗಿಯಲಿಲ್ಲ. ಕಳ್ಳರು ಕದ್ದ ಒಡವೆಯನ್ನು ಪ್ರಜೆಗೆ ಮರಳಿ ಕೊಡುವುದು ಕೊನೆಗೆ ಅರಸನ ಹೊಣೆ. ಕೊಡದಿದ್ದರೆ ಕಳ್ಳನ ಪಾಪ ಅವನಿಗೇ ಅಂಟುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಸರಪಳಿಯಲ್ಲಿ ಹೊಣೆಯಿಲ್ಲದ ಕೊಂಡಿ ಒಂದೂ ಇಲ್ಲ. ತಳವಾರ ಊರಿಗೆ ಉತ್ತರ ಹೇಳಬೇಕು, ಊರು ಅರಸನಿಗೆ ಉತ್ತರ ಹೇಳಬೇಕು, ಅರಸ ಕಳೆದುಕೊಂಡವನಿಗೆ ಉತ್ತರ ಹೇಳಬೇಕು. ಇದು ನಮ್ಮಲ್ಲಿ ಮಾತ್ರ ಕಂಡ ಬುದ್ಧಿಯಲ್ಲ. ಇಂಗ್ಲೆಂಡಿನಲ್ಲಿ 1285ರಲ್ಲಿ ವಿಂಚೆಸ್ಟರ್ ಶಾಸನ ಹೊರಟಾಗ, ದರೋಡೆಯಾದರೆ ಕಳ್ಳನನ್ನು ಹಿಡಿದುಕೊಡಬೇಕು, ಇಲ್ಲವೇ ಆ ಸೀಮೆಯ ಜನರೆಲ್ಲ ಕೂಡಿ ನಷ್ಟ ತುಂಬಿಕೊಡಬೇಕು ಎಂದೇ ಅದು ವಿಧಿಸಿತು. ಕಲ್ಯಾಣದ ಪಂಡಿತನೂ ವಿಂಚೆಸ್ಟರಿನ ದೊರೆಯೂ ಒಬ್ಬರ ಹೆಸರನ್ನೊಬ್ಬರು ಕೇಳಿದವರಲ್ಲ. ಠಾಣೆಗಳಿಲ್ಲದ ಕಾಲದಲ್ಲಿ ಜನರನ್ನೇ ಜನರ ಕಾವಲಿಗೆ ಕಟ್ಟಿಹಾಕುವ ಉಪಾಯ ಇಬ್ಬರಿಗೂ ಹೊಳೆಯಿತು.

ಬಹಮನಿ ಸುಲ್ತಾನ ಅಹಮದ್ ಷಾ ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ತಂದನು. 1657ರಲ್ಲಿ ರಾಜಕುಮಾರನಾಗಿದ್ದ ಔರಂಗಜೇಬನು ಕೋಟೆಯನ್ನು ಗೆದ್ದ ಮೇಲೆ ಬೀದರು ಮೊಗಲರದಾಯಿತು. ಮೊಗಲರ ಪಟ್ಟಣಗಳಲ್ಲಿ ಕಾವಲು ಕೋತವಾಲನದು. ಅವನು ಏನು ಮಾಡಬೇಕೆಂಬುದನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ವಿವರಿಸಿದ್ದಾನೆ. ಮನೆಗಳ ಪಟ್ಟಿ ಇಡಬೇಕು. ಕೆಲವು ಮನೆಗಳನ್ನು ಕೂಡಿಸಿ ಒಂದು ಮೊಹಲ್ಲಾ ಮಾಡಿ ಅದಕ್ಕೊಬ್ಬ ಮುಖ್ಯಸ್ಥನನ್ನು ಗೊತ್ತುಮಾಡಬೇಕು. ಬಂದವರು ಹೋದವರ ವರ್ತಮಾನ ದಿನವೂ ಬರಬೇಕು. ನೆರೆಹೊರೆಯವರು ಪರಸ್ಪರ ನೆರವಾಗುವೆವೆಂದೂ ಸುಖದುಃಖಗಳಲ್ಲಿ ಪಾಲುಗೊಳ್ಳುವೆವೆಂದೂ ಒಪ್ಪಂದ ಮಾಡಿಕೊಳ್ಳಬೇಕು. ಕೋತವಾಲನ ದಫ್ತರದಲ್ಲಿ ಇದೆಷ್ಟು ನಡೆಯಿತೋ, ಕಾಗದದಲ್ಲಿ ಎಷ್ಟು ಉಳಿಯಿತೋ, ಅದು ಬೇರೆ ಮಾತು. ನೆರೆಯವನ ಒಪ್ಪಿಗೆಯಿಲ್ಲದೆ ಪಟ್ಟಣವನ್ನು ಕಾಯಲಾಗದೆಂಬ ಅರಿವಂತೂ ಇದ್ದಿತು.

ಹಳ್ಳಿಯ ಮಟ್ಟದಲ್ಲಿ ಈ ಕಟ್ಟುಪಾಡು ಹೇಗೆ ನಡೆಯುತ್ತಿದ್ದಿತೆಂಬುದನ್ನು ಕಣ್ಣಾರೆ ಕಂಡು ಬರೆದವನು ಮೌಂಟ್‌ಸ್ಟುಅರ್ಟ್ ಎಲ್ಫಿನ್‌ಸ್ಟನ್. ಪೇಶ್ವೆಯಿಂದ ಗೆದ್ದುಕೊಂಡ ದಖನ್ ಪ್ರಾಂತ್ಯಗಳ ಬಗ್ಗೆ 1819ರಲ್ಲಿ ಅವನು ಸಲ್ಲಿಸಿದ ವರದಿಯಲ್ಲಿ ಹಳ್ಳಿಯ ಕಾವಲುಗಾರನ ಚಿತ್ರವಿದೆ. ಊರಿನ ಪ್ರತಿಯೊಬ್ಬನ ನಡತೆ ಕಾವಲುಗಾರನಿಗೆ ಗೊತ್ತು. ಏಕೆಂದರೆ ಪ್ರತಿಯೊಂದು ಮನೆಯಿಂದಲೂ ಅವನಿಗೆ ಕಾಳಿನ ಪಾಲು ಬರಬೇಕು, ಅದನ್ನು ಎತ್ತಲು ಅವನು ಸದಾ ಮನೆಮನೆ ತಿರುಗುತ್ತಲೇ ಇರಬೇಕು. ಕಳವಾದರೆ ಹೆಜ್ಜೆ ಹಿಡಿದು ಹೊರಡುತ್ತಾನೆ. ಹೆಜ್ಜೆಯನ್ನು ಪಕ್ಕದ ಊರಿನ ಎಲ್ಲೆಗೆ ಮುಟ್ಟಿಸಿ, ಅಲ್ಲಿಯ ಕಾವಲುಗಾರನಿಗೆ ತೃಪ್ತಿಯಾಗುವಂತೆ ತೋರಿಸಿದರೆ ಅವನ ಹೊಣೆ ಕಳೆಯಿತು; ಮುಂದಿನದು ಆ ಊರಿನದು. ಹೆಜ್ಜೆ ಎಲ್ಲಿ ನಿಂತಿತೋ ಆ ಊರು ನಷ್ಟಕ್ಕೆ ಬಾಧ್ಯ. ಮಿತಾಕ್ಷರದ ವಿಧಿ ಏಳುನೂರು ವರ್ಷಗಳ ಮೇಲೂ ನೆಲದ ಮೇಲೆ ನಡೆಯುತ್ತಿದ್ದಿತು! ಪೂರ್ತಿ ನಷ್ಟವನ್ನು ಬಡ ಊರುಗಳಿಂದ ಎಳೆಯುವುದು ಅನ್ಯಾಯವಾಗುವುದರಿಂದ ಹಾಗೆ ಎಳೆಯುತ್ತಿದ್ದುದು ಅಪೂರ್ವವೆಂದೂ, ಸಾಮಾನ್ಯವಾಗಿ ದಂಡವಷ್ಟೇ ಬೀಳುತ್ತಿದ್ದಿತೆಂದೂ ಎಲ್ಫಿನ್‌ಸ್ಟನ್ ಹೇಳುತ್ತಾನೆ.

ನನ್ನ ಬಾಲ್ಯದ ಕಾಕಾ ಅಪರಿಚಿತನನ್ನು ಮನೆಯ ಬಾಗಿಲವರೆಗೆ ಏಕೆ ಕರೆದೊಯ್ಯುತ್ತಿದ್ದನೆಂಬುದು ಇದನ್ನು ಓದಿದ ಮೇಲೆ ನನಗೆ ತಿಳಿಯಿತು. ಅವನು ಬಂದವನನ್ನು ಒಂದು ಮನೆಯ ಹೊಣೆಗೆ ಒಪ್ಪಿಸುತ್ತಿದ್ದ. ಹಾಗೆಯೇ, ಬಂದವನನ್ನು ಬೇರೆಯವರ ಸಂಶಯದಿಂದಲೂ ಕಾಯುತ್ತಿದ್ದ.

ಇಷ್ಟು ಹೇಳಿ, ಹಿಂದಿನದೆಲ್ಲ ಸುವರ್ಣಯುಗವೆಂದು ನಿಲ್ಲಿಸಿದರೆ ಇತಿಹಾಸಕ್ಕೆ ಅಪಚಾರವಾದೀತು. ಆ ಕಾವಲು ನಿಂತದ್ದು ಜಾತಿಯ ಏಣಿಯ ಮೇಲೆ. ರಾತ್ರಿಯೆಲ್ಲ ಎಚ್ಚರವಿದ್ದು ಊರು ಕಾದವನು ಹಗಲಿನಲ್ಲಿ ಅಂಗಳದಲ್ಲೇ ನಿಲ್ಲಬೇಕು. ನಷ್ಟದ ಮೊದಲ ಭಾರವೂ ಅವನ ಕೈಲಾದಮಟ್ಟಿಗೆ ಅವನ ಮೇಲೆಯೇ. ಪಾಟೀಲನೇ ಕಳ್ಳರೊಡನೆ ಪಾಲುಗಾರನಾದಾಗ ಕೇಳುವವರಿರಲಿಲ್ಲ. ಇನ್ನು, ಊರೂರಿನ ಎಲ್ಲೆಗಳ ನಡುವೆ ಹೆಜ್ಜೆಯೇ ಉಳಿಯದಂತೆ ಅಪರಾಧ ಮಾಡುವವರ ಮುಂದೆ ಈ ವ್ಯವಸ್ಥೆ ನಿರುಪಾಯವಾಗಿತ್ತು. ನಿಜಾಮನ ರಾಜ್ಯದ ಸೇವೆಗೆ ಬಂದು, 1820ರ ದಶಕದ ಕೊನೆಗೆ ನಮ್ಮ ನೆರೆಯ ಸೀಮೆಗಳಲ್ಲಿ ಪೋಲೀಸ್ ಕೆಲಸ ನೋಡಿದ ಮೆಡೋಸ್ ಟೇಲರನು 1839ರಲ್ಲಿ ಪ್ರಕಟಿಸಿದ ಠಕ್ಕರ ಕಾದಂಬರಿಯನ್ನು ಓದಿದವರಿಗೆ ಇದು ಗೊತ್ತು. ಠಕ್ಕರು ದಾರಿಹೋಕರೊಡನೆ ಸ್ನೇಹ ಬೆಳೆಸಿ, ದಾರಿಯಲ್ಲೇ ಮುಗಿಸಿ, ಅಲ್ಲೇ ಹೂಳುತ್ತಿದ್ದರು. ಎಲ್ಲಿಂದ ಬಂದವನು, ಎಲ್ಲಿ ಕಾಣೆಯಾದನು ಎಂದು ಯಾವ ಊರಿನ ತಳವಾರ ಹೇಳಿಯಾನು?

ಈ ಭಯದಿಂದ ಹುಟ್ಟಿದ ಮದ್ದು ಕೆಲವೊಮ್ಮೆ ರೋಗಕ್ಕಿಂತ ಕೆಟ್ಟದಾಯಿತು. 1871ರಲ್ಲಿ ಬ್ರಿಟಿಷ್ ಸರ್ಕಾರ ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ದಾಖಲೆ ಮಾಡುವ ಕಾಯಿದೆ ತಂದಿತು. ಊರಿಗೆ ಹೊಸಬನಾಗಿರುವುದೇ ಗುರುತರ ಸಂಶಯಕ್ಕೆ ಸಾಕಾಯಿತು, “ಯಾವೂರು?” ಎಂಬ ಪ್ರಶ್ನೆಗೆ ಅವರಿಗೆ ಉತ್ತರವೇ ಇಲ್ಲದಂತಾಯಿತು. ಆ ಕಾಯಿದೆ ರದ್ದಾದದ್ದು 1952ರಲ್ಲಿ; ಅದು ಬಿಟ್ಟುಹೋದ ಸಂಶಯ ಮಾತ್ರ ನಮ್ಮ ಮಾತಿನಲ್ಲಿ ಇನ್ನೂ ಉಳಿದಿದೆ.

ಇತ್ತ ಕಾಲವೂ ಬದಲಾಗುತ್ತಿತ್ತು. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಸಮವಸ್ತ್ರದ, ಸಂಬಳದ ಪೋಲೀಸ್ ಪಡೆಯನ್ನು ಕಟ್ಟಿದನು. 1853ರಲ್ಲಿ ಹೈದರಾಬಾದಿನ ದಿವಾನನಾದ ಮೊದಲನೆಯ ಸಾಲಾರ್ ಜಂಗನು 1865ರಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿ, ಪೋಲೀಸಿನ ಏರ್ಪಾಡನ್ನೂ ಹೊಸದಾಗಿ ಮಾಡಿದನು. ಹಳ್ಳಿಯಲ್ಲಿ ಕಂದಾಯಕ್ಕೆ ಮಾಲೀಪಾಟೀಲ, ಶಾಂತಿರಕ್ಷಣೆಗೆ ಪೋಲೀಸ್ ಪಾಟೀಲ, ಲೆಕ್ಕಕ್ಕೆ ಪಟವಾರಿ ಎಂಬ ಹಂಚಿಕೆ ನಮ್ಮ ಭಾಗದಲ್ಲಿ ನೆಲೆಗೊಂಡಿತು. ಹೊಣೆಯ ದಿಕ್ಕು ಮೆಲ್ಲಮೆಲ್ಲನೆ ತಿರುಗಿತು. ತಳವಾರನು ಊರಿಗಿಂತ ಹೆಚ್ಚಾಗಿ ಠಾಣೆಗೆ, ಠಾಣೆಯು ದೂರದ ರಾಜಧಾನಿಗೆ ಉತ್ತರ ಹೇಳತೊಡಗಿದವು. ಕಳೆದುಕೊಂಡವನಿಗೆ ಉತ್ತರ ಹೇಳುವವರು ಯಾರೆಂಬುದು ಮಸುಕಾಯಿತು.

ಆ ಮಸುಕಿನ ಪರಿಣಾಮವನ್ನು ನಮ್ಮ ಜಿಲ್ಲೆ 1948ರಲ್ಲಿ ಅನುಭವಿಸಿತು. ಆಳುವವರ ಪೋಲೀಸು ನಿಷ್ಪಕ್ಷಪಾತವಾಗಿ ಉಳಿಯದೆ ಹೋದಾಗ, ಖಾಸಗಿ ಪಡೆಯೊಂದು ಕಾನೂನಿನ ಹೆಸರಿನಲ್ಲಿ ಊರಿಂದೂರಿಗೆ ನುಗ್ಗಿತು. ಆ ವರ್ಷದ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯನ್ನು ಬೀದರ ಜಿಲ್ಲೆಯ ಜನ ಮರೆತಿಲ್ಲ. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ಐದು ದಿನಗಳಲ್ಲಿ ನಿಜಾಮನ ಆಡಳಿತ ಕೊನೆಗೊಂಡಿತು. ಆಮೇಲೆ ನಡೆದುದನ್ನು ನಾವು ಬಾಯಿಬಿಟ್ಟು ಹೇಳುವುದು ಕಡಮೆ. ಸೇಡಿನ ಹೆಸರಿನಲ್ಲಿ, ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಸಹಸ್ರಾರು ಮುಸಲ್ಮಾನರು ಕೊಲೆಯಾದರು. ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಅತಿ ಹೆಚ್ಚು ಕೇಡಾದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡಗಳನ್ನು ಹೆಸರಿಸಿತು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಜೊತೆಯ ಮುಸಲ್ಮಾನ ನೇಕಾರರನ್ನು, ತಮ್ಮ ಪ್ರಾಣವನ್ನೂ ತೆತ್ತು ಕಾಪಾಡಿದರು. ಮಗ್ಗದ ಮುಂದೆ ದಿನವೂ ಕೂಡಿ ಕೂತವನ ಮುಖ ಅವರಿಗೆ ಗೊತ್ತಿತ್ತು. ಅವನು ‘ಯಾರ ಮನೆಯವನು’ ಎಂದು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಕನ್ನಡ ನಾಡಿನೊಡನೆ ಒಂದಾಯಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿಯಿಂದ ಜಾರಿಗೆ ಬಂದು, ವಂಶಪರಂಪರೆಯ ಪಾಟೀಲಿಕೆ, ತಳವಾರಿಕೆಗಳು ಮುಗಿದವು. ಹುಟ್ಟಿನಿಂದ ಬರುವ ಅಧಿಕಾರ ಹೋದದ್ದು, ಹುಟ್ಟಿನಿಂದ ಬರುವ ಊಳಿಗ ಹೋದದ್ದು ನ್ಯಾಯವಾದ ಮಾತೇ. ನಮ್ಮ ಕಾಕಾ ಅಂದಿನಿಂದ ಯಾರ ಅಂಗಳದಲ್ಲೂ ನಿಲ್ಲಬೇಕಾಗಿ ಬರಲಿಲ್ಲ. ಆದರೆ ಊರ ಕಾವಲಿನ ಸ್ಥಾನ ಬರಿದಾಯಿತೆಂಬುದೂ ನಿಜ. 1964ರಲ್ಲಿ ರಾಜ್ಯದ ಶಾಸನಸಭೆ ಗ್ರಾಮ ರಕ್ಷಣಾ ದಳಗಳ ಕಾಯಿದೆ ಮಾಡಿ, ಪೋಲೀಸ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಊರಿನ ಸ್ವಯಂಸೇವಕರ ದಳ ಕಟ್ಟಲು ಅವಕಾಶ ಕೊಟ್ಟಿತು. ವಂಶದ ಬದಲು ಸ್ವಇಚ್ಛೆ, ಜಾತಿಯ ಬದಲು ಕಾನೂನು: ಯೋಚನೆ ಒಳ್ಳೆಯದಾಗಿತ್ತು. ಆದರೆ ನಾನು ಬಲ್ಲ ಹಳ್ಳಿಗಳಲ್ಲಿ ಅದು ಕೋಲಿನ ಸದ್ದಾಗಿ ಕೇಳಿಬರಲಿಲ್ಲ.

ಬರಿದಾದ ಸ್ಥಾನ ಬಹುಕಾಲ ಬರಿದಾಗಿಯೇ ಇರುವುದಿಲ್ಲ. 1988ರ ಸೆಪ್ಟೆಂಬರಿನಲ್ಲಿ, ಗುರು ನಾನಕರ ನೆನಪಿನ ಝರಿಯಿರುವ ಈ ಬೀದರಿನಲ್ಲಿಯೇ, ಓದಲೆಂದು ದೂರದಿಂದ ಬಂದ ಸಿಖ್ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾಗಿ ಹಲವರು ಪ್ರಾಣ ಕಳೆದುಕೊಂಡರು. ಅದೇ 1988ರಲ್ಲಿ ಮಹಾರಾಷ್ಟ್ರದ ಭಿವಂಡಿಯಲ್ಲಿ ಬೇರೊಂದು ಪ್ರಯೋಗ ಆರಂಭವಾಯಿತು. 1970ರಲ್ಲಿಯೂ 1984ರಲ್ಲಿಯೂ ಭೀಕರ ಗಲಭೆಗಳನ್ನು ಕಂಡ ಆ ಮಗ್ಗದ ಊರಿಗೆ ಪೋಲೀಸ್ ಅಧಿಕಾರಿಯಾಗಿ ಬಂದ ಸುರೇಶ ಖೋಪಡೆಯವರು ಮೊಹಲ್ಲಾ ಮೊಹಲ್ಲಾಗಳಲ್ಲಿ ಹಿಂದೂ ಮುಸಲ್ಮಾನರಿಬ್ಬರನ್ನೂ ಕೂಡಿಸಿ ಸಮಿತಿಗಳನ್ನು ರಚಿಸಿದರು. ಗಲಭೆಯ ದಿನ ಶಾಂತಿಸಭೆ ಕರೆಯುವುದು ಎಲ್ಲ ಕಡೆಯ ರೂಢಿ. ಇಲ್ಲಿ ಗಲಭೆಯಿಲ್ಲದ ದಿನಗಳಲ್ಲಿ, ನೀರಿನ ಜಗಳ, ಗಂಡಹೆಂಡಿರ ಜಗಳ, ಬಾಡಿಗೆಯ ತಕರಾರುಗಳನ್ನು ಮುಂದಿಟ್ಟುಕೊಂಡು ಒಟ್ಟಿಗೆ ಕೂರುವುದು ಅಭ್ಯಾಸವಾಯಿತು. 1992ರ ಡಿಸೆಂಬರಿನಿಂದ ಪಕ್ಕದ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿ ಉಳಿಯಿತು. ಕೋತವಾಲನ ಮೊಹಲ್ಲಾ ಒಪ್ಪಂದ ನನಗೆ ಮತ್ತೆ ನೆನಪಾಗುವುದು ಇಲ್ಲಿ.

ಈಗ, ಹೇಳಲು ಮನಸ್ಸು ಹಿಂಜರಿಯುವ ಒಂದು ದಿನದ ಮಾತು. 2018ರ ಬೇಸಗೆಯಿಂದ ದೇಶದ ತುಂಬ ಮಕ್ಕಳ ಕಳ್ಳರ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಯಲು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಹೈದರಾಬಾದಿನಿಂದ ಕೆಲವರು ಗೆಳೆಯರು ಕಾರಿನಲ್ಲಿ ನಮ್ಮ ಔರಾದ್ ಸೀಮೆಗೆ ಬಂದರು. ಹಂದಿಕೇರಾ ಕಡೆಯಲ್ಲಿ ಅವರಿಗೆ ಪರಿಚಯದ ಮನೆಯಿತ್ತು. ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ ಸಾಕಾಯಿತು. ಜನ ಮುತ್ತಿದರು, ಗೆಳೆಯರು ಅಂಜಿ ಕಾರು ಓಡಿಸಿದರು, ಕಾರಿಗಿಂತ ಮುಂದಾಗಿ ವಾಟ್ಸಾಪಿನ ಸುದ್ದಿ ಮುರ್ಕಿ ಗ್ರಾಮವನ್ನು ಮುಟ್ಟಿತು. ಅಲ್ಲಿ ದಾರಿಗೆ 
ಅಡ್ಡಗಟ್ಟಿದರು, ಕಾರು ಉರುಳಿತು, ನೂರಾರು ಜನ ಮುಗಿಬಿದ್ದರು. ಒಬ್ಬ ಯುವ ಇಂಜಿನಿಯರು ಸತ್ತನು, ಜೊತೆಯವರು ತೀವ್ರವಾಗಿ ಗಾಯಗೊಂಡರು, ಬಿಡಿಸಲು ಹೋದ ಪೋಲೀಸರೂ ಪೆಟ್ಟು ತಿಂದರು. ಆಮೇಲೆ ಸುಮಾರು 30 ಮಂದಿಯ ಬಂಧನವಾಯಿತು. ಅವರಾರೂ ವೃತ್ತಿಯಿಂದ ಕೊಲೆಗಡುಕರಲ್ಲ, ಹೊಲಮನೆ ಮಾಡಿಕೊಂಡಿದ್ದವರು. ತಾವು ಊರನ್ನು ಕಾಯುತ್ತಿದ್ದೇವೆಂದೇ ಅವರು ತಿಳಿದಿದ್ದರು.

ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. “ಯಾರ ಮನೀಗಿ ಬಂದೀರಿ?” ಎಂದು ಒಬ್ಬರಾದರೂ ಕೇಳಿ, ಉತ್ತರಕ್ಕೆ ಕಾದಿದ್ದರೆ! ಉತ್ತರವಿತ್ತು; ಆ ಮನೆಯೂ ದೂರವಿರಲಿಲ್ಲ. ಕಾಕಾ ಇದ್ದಿದ್ದರೆ ಅವರನ್ನು ಕರೆದೊಯ್ದು ಬಾಗಿಲಲ್ಲಿ ಒಪ್ಪಿಸಿ ಬರುತ್ತಿದ್ದ. ಆಗ ನೆನಪಾದವನು ಆಣಿಮಾಂಡವ್ಯ. ಕಳ್ಳರು ಒಡವೆಯನ್ನು ತಂದು ಅವನ ಆಶ್ರಮದಲ್ಲಿ ಬಚ್ಚಿಟ್ಟರು, ಮೌನವ್ರತದಲ್ಲಿದ್ದ ಋಷಿ ರಾಜಭಟರ ಪ್ರಶ್ನೆಗೆ ಉತ್ತರಿಸಲಿಲ್ಲ, ಶೂಲಕ್ಕೇರಿಸಿದರು. ಈ ಕಥೆಯನ್ನು ನಾವು ಮಹಾಭಾರತದ ಕಥೆಯೆಂದು ಕೇಳಿ ಮರೆಯುತ್ತೇವೆ. ನಮ್ಮ ಧರ್ಮಶಾಸ್ತ್ರಕಾರರು ಮರೆಯಲಿಲ್ಲ. ಕಳ್ಳನಲ್ಲದವನೂ ವಿಚಾರಣೆಯಲ್ಲಿ ಕಳ್ಳನೆನಿಸಿಬಿಡಬಹುದು, ಆದ್ದರಿಂದ ಚೆನ್ನಾಗಿ ಪರೀಕ್ಷಿಸಬೇಕೆಂದು ಎಚ್ಚರಿಸುವಾಗ ನಾರದಸ್ಮೃತಿ ಮಾಂಡವ್ಯನ ಹೆಸರನ್ನೇ ಎತ್ತಿ ಹೇಳುತ್ತದೆ. ಮಾಂಡವ್ಯನು ಉತ್ತರ ಹೇಳಲಿಲ್ಲವಾದರೂ ಅವನನ್ನು ಕೇಳಿದವರಾದರೂ ಇದ್ದರು. ಮುರ್ಕಿಯ ದಾರಿಯಲ್ಲಿ ಕೇಳಿ ಕಾಯುವವರೇ ಇರಲಿಲ್ಲ.

ಆ ಘಟನೆಯ ನಾಲ್ಕನೆಯ ದಿನ, ಜುಲೈ 17ರಂದು, ಗುಂಪು ಹತ್ಯೆಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಪ್ರತಿ ಜಿಲ್ಲೆಯಲ್ಲಿ ಪೋಲೀಸ್ ಸೂಪರಿಂಟೆಂಡೆಂಟರ ದರ್ಜೆಗೆ ಕಡಮೆಯಿಲ್ಲದ ಅಧಿಕಾರಿಯೊಬ್ಬರನ್ನು ಇದಕ್ಕೆ ಹೊಣೆಗಾರರನ್ನಾಗಿ ನೇಮಿಸಬೇಕೆಂದು ಅದು ಆದೇಶಿಸಿತು. ಹೊಣೆ ಯಾರದೆಂಬ ಹಳೆಯ ಪ್ರಶ್ನೆಯೇ ಮತ್ತೆ ಬಂದಿತು.

ಭಯಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2025ರ ಜನವರಿ 16ರಂದು ಬೀದರ್ ನಗರದ ನಡುವೆ, ಹಾಡುಹಗಲಿನಲ್ಲಿ, ಎ.ಟಿ.ಎಂ.ಗೆ ಹಣ ತುಂಬಲು ಬಂದ ಸಿಬ್ಬಂದಿಯ ಮೇಲೆ ಇಬ್ಬರು ಗುಂಡು ಹಾರಿಸಿ, ಪ್ರಾಣ ತೆಗೆದು, ಹಣದ ಪೆಟ್ಟಿಗೆಯೊಡನೆ ಬೈಕಿನಲ್ಲಿ ಪರಾರಿಯಾದರು. ಅದೇ ದಿನ ಹೈದರಾಬಾದಿನಲ್ಲಿ ಮತ್ತೆ ಗುಂಡಿನ ಸದ್ದಾಯಿತು. ಇಂದಿನ ಕಳ್ಳನ ಹೆಜ್ಜೆ ಒಂದು ಹಗಲಿನಲ್ಲಿ ಹಲವಾರು ಊರುಗಳ ಎಲ್ಲೆಯನ್ನೂ ರಾಜ್ಯದ ಎಲ್ಲೆಯನ್ನೂ ದಾಟುತ್ತದೆ. ಇದನ್ನು ಹಿಂಬಾಲಿಸುವುದು ತಳವಾರನ ಕೈಲಾಗುವ ಕೆಲಸವಲ್ಲ, ಸ್ವಯಂಸೇವಕರದೂ ಅಲ್ಲ. ಅದಕ್ಕೆ ಶಿಕ್ಷಣ ಪಡೆದ ಪೋಲೀಸರೇ ಬೇಕು. ಆದರೆ ಆ ಪೋಲೀಸರಿಗೂ ಊರಿನ ಕಣ್ಣು, ಊರಿನ ನಂಬಿಕೆ ಬೇಕು.

ಇದನ್ನು ಮನಗಂಡೇ ಇಂಗ್ಲೆಂಡಿನವರು 1998ರಲ್ಲಿ ಕಾಯಿದೆ ಮಾಡಿ, ಸ್ಥಳೀಯ ಪೌರಸಭೆಯೂ ಪೋಲೀಸರೂ ಕೂಡಿ ತಮ್ಮ ಸೀಮೆಯ ಅಪರಾಧ ತಗ್ಗಿಸುವ ಹೊಣೆ ಹೊರಬೇಕೆಂದು ವಿಧಿಸಿದರು. ಕೇರಳದಲ್ಲಿ 2008ರಲ್ಲಿ ‘ಜನಮೈತ್ರಿ’ ಎಂಬ ಯೋಜನೆ ಬಂದಿತು. ನಮ್ಮ ರಾಜ್ಯದಲ್ಲಿ 2017ರಲ್ಲಿ ಬೀಟ್ ವ್ಯವಸ್ಥೆಯನ್ನು ಸುಧಾರಿಸಿ, ಒಬ್ಬೊಬ್ಬ ಕಾನ್‌ಸ್ಟೇಬಲರಿಗೂ ಒಂದೊಂದು ಪ್ರದೇಶ ಒಪ್ಪಿಸಿ, ಅಲ್ಲಿಯ ನಾಗರಿಕರನ್ನು ಸದಸ್ಯರನ್ನಾಗಿ ಸೇರಿಸಿಕೊಂಡರು. 2025ರ ಜುಲೈಯಲ್ಲಿ ‘ಮನೆ ಮನೆಗೆ ಪೋಲೀಸ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಕಾಳಿನ ಪಾಲಿಗಾಗಿ ಮನೆಮನೆ ತಿರುಗುತ್ತ ಊರನ್ನೆಲ್ಲ ಬಲ್ಲವನಾಗಿದ್ದ ಎಲ್ಫಿನ್‌ಸ್ಟನ್ನನ ಕಾವಲುಗಾರನನ್ನು ನೆನೆದು ನಾನು ಒಳಗೊಳಗೇ ನಕ್ಕೆ. ಎರಡು ಶತಮಾನ ಸುತ್ತಿ ಬಂದು ಅದೇ ಬಾಗಿಲನ್ನು ತಟ್ಟುತ್ತಿದ್ದೇವೆ.

ಇಂಥ ಒಂದು ಬೀಟ್ ಸಭೆಗೆ ನಾನು ಚಿದ್ರಿಯಲ್ಲಿ ಹೋಗಿದ್ದೆ. ಬೀದರ್ ನಗರದ ಅಂಚಿನ ಚಿದ್ರಿಯಲ್ಲಿ ಹಳೆಯ ಮನೆಗಳ ಜೊತೆಗೆ ಹೊಸ ಬಡಾವಣೆಗಳು ಬೆಳೆದಿವೆ. ನೌಕರಿಗೆ, ಓದಿಗೆ, ಕೂಲಿಗೆ ಬಂದವರು ಬಾಡಿಗೆ ಮನೆಗಳಲ್ಲಿದ್ದಾರೆ. ಸಭೆಯಲ್ಲಿ ಹತ್ತಿಪ್ಪತ್ತು ಜನ. ಬೀದಿದೀಪ ಉರಿಯದ ಮೂಲೆ, ಬೀಗ ಹಾಕಿ ಊರಿಗೆ ಹೋಗುವ ಮನೆಗಳು, ಸಂಜೆ ಕುಡಿದು ಕೂರುವವರ ಕಾಟ, ಇವೇ ಮಾತುಗಳು. ಒಬ್ಬರು ಎದ್ದು, ಬಾಡಿಗೆಯವರ ವಿವರವನ್ನೆಲ್ಲ ಠಾಣೆಗೆ ಕೊಡಿಸಬೇಕೆಂದರು. ಆಗ ಹಿಂದೆ ಕೂತಿದ್ದ ವಯಸ್ಸಾದ ತಾಯಿಯೊಬ್ಬರು, “ಅವರ ಹೆಸರು ಬರಕೊಂಡ್ರ ಆಯ್ತೇನ್ರೀ? ಅವರನ್ನೂ ಇಲ್ಲಿ ಕರದು ಕೂಡಸ್ರಿ” ಎಂದರು. ಸಭೆ ಒಂದು ಕ್ಷಣ ಸುಮ್ಮನಾಯಿತು. ಸುತ್ತ ನೋಡಿದೆ, ಕೂತವರೆಲ್ಲ ಸ್ವಂತ ಮನೆಯವರೇ. ಬಾಡಿಗೆಯವರು ಒಬ್ಬರೂ ಇರಲಿಲ್ಲ. ಕಾನ್‌ಸ್ಟೇಬಲರು ತಮ್ಮ ಪುಸ್ತಕದಲ್ಲಿ ಅದನ್ನು ಬರೆದುಕೊಂಡರು.

ಆ ತಾಯಿಯ ಮಾತಿನಲ್ಲಿ ನನಗೆ ಈ ಇತಿಹಾಸವೆಲ್ಲ ಸಂಗ್ರಹವಾಗಿ ಕಂಡಿತು. ಊರು ತನ್ನನ್ನು ತಾನು ಕಾದುಕೊಳ್ಳಬೇಕು, ನಿಜ. ಆದರೆ ಕಾಯುವವನ ಹೆಸರು ಊರಿಗೆ ಗೊತ್ತಿರಬೇಕು, ಅವನು ತನ್ನ ಕೆಲಸಕ್ಕೆ ಉತ್ತರ ಹೇಳುವವನಾಗಿರಬೇಕು. ಯಾರಿಂದ ಊರನ್ನು ಕಾಯಬೇಕೆಂದು ನಾವು ಎಣಿಸುತ್ತೇವೋ ಆ ಹೊಸಬನೂ ಕಾಯಲ್ಪಡಬೇಕಾದವರಲ್ಲಿ ಒಬ್ಬನೆಂಬುದು ನೆನಪಿರಬೇಕು. ಕಲ್ಯಾಣದ ನ್ಯಾಯ ಇದನ್ನು ಅರ್ಧ ಹೇಳಿತು. ಅದು ಹೇಳದೆ ಬಿಟ್ಟ ಅರ್ಧವನ್ನು, ಅಂದರೆ ಅಂಗಳದಲ್ಲಿ ನಿಂತವನನ್ನು ಒಳಗೆ ಕರೆದು ಕೂಡಿಸುವುದನ್ನು, ನಾವು ಸೇರಿಸಬೇಕಾಗಿದೆ.

ಸಭೆ ಮುಗಿಸಿ ಚಿದ್ರಿ ರಸ್ತೆಯಲ್ಲಿ ನಡೆದು ಬರುವಾಗ ಕತ್ತಲಾಗಿತ್ತು. ಹೆಗಲಿಗೆ ಚೀಲ ತಗುಲಿಸಿಕೊಂಡ ಹುಡುಗನೊಬ್ಬ ಮೊಬೈಲಿನ ಬೆಳಕಿನಲ್ಲಿ ಮನೆಗಳ ನಂಬರು ಹುಡುಕುತ್ತಿದ್ದ. ನಾನು ನಿಂತು ಕೇಳಿದೆ: “ಯಾವೂರಪ್ಪಾ? ಯಾರ ಮನೆಗೆ ಬಂದೆ?” ಅವನು ಹೇಳಿದ ಮನೆ ಎರಡು ಬೀದಿಯ ಆಚೆ ಇದ್ದಿತು. ಅವನ ಜೊತೆ ಅಲ್ಲಿಯವರೆಗೂ ಹೋಗಿ, ಬಾಗಿಲು ತೆರೆದ ಮೇಲೆ ಹಿಂದಿರುಗಿದೆ.

(ಬಾನುಲಿ ಭಾಷಣ)